ರೆಡ್ ಲಾಡ್ಜಿನ ಹುಡುಗಿಯರು

ಸಮಾಜ ಪಾಠ ಹೇಳುವವರಿಗೆ ರಾಜಾ ರಾಮಮೋಹನ ರಾಯರು ಹಳೆಯ ನೆಂಟರಿದ್ದಂತೆ. ವರ್ಷಕ್ಕೊಮ್ಮೆ ತರಗತಿಗೆ ಬಂದು ಹೋಗುತ್ತಾರೆ. ಬ್ರಹ್ಮಸಮಾಜ, ಸತೀಪದ್ಧತಿ, 1829ರ ಕಾನೂನು ಇಷ್ಟನ್ನು ಹೇಳಿ, ಕೊನೆಗೆ ‘1833ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಿಧನ’ ಎಂದು ಬೋರ್ಡಿನ ಮೇಲೆ ಬರೆದರೆ ನನ್ನ ಪಾಠ ಮುಗಿಯುತ್ತಿತ್ತು. ಒಂದು ವರ್ಷ ಹಾಗೆಯೇ ಬರೆದು ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿಕೊಳ್ಳುತ್ತಿದ್ದಾಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಅಷ್ಟು ದೂರದ ಊರಲ್ಲಿ ಸಾಯುವಾಗ ಅವರ ಹತ್ತಿರ ಯಾರಿದ್ದರು?” ಎಂದು ಕೇಳಿದಳು. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ನನಗೆ ಉತ್ತರವೂ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಆ ‘ನಾಳೆ’ ಬರುವುದಕ್ಕೆ ಕೆಲವು ತಿಂಗಳೇ ಹಿಡಿದವು. ಉತ್ತರ ಹುಡುಕುತ್ತಾ ಹೋದವಳಿಗೆ ಮೇರಿ ಕಾರ್ಪೆಂಟರ್ ಎಂಬ ಉಪಾಧ್ಯಾಯಿನಿಯ ಪರಿಚಯವಾಯಿತು. ಅವರ ಬಗ್ಗೆ ಓದುತ್ತಾ ಓದುತ್ತಾ ನನ್ನದೇ ಒಂದು ಹಳೆಯ ತಪ್ಪು ಎದುರಿಗೆ ಬಂದು ನಿಂತಿತು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ರಾಮಮೋಹನ ರಾಯರು 1833ರ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್‌ಗೆ ಹೋದದ್ದು ಲ್ಯಾಂಟ್ ಕಾರ್ಪೆಂಟರ್ ಎಂಬ ಪಾದ್ರಿಗಳ ಸ್ನೇಹದಿಂದ. ಅಲ್ಲಿ ಜ್ವರ ಹಿಡಿದು ಅದೇ ತಿಂಗಳ 27ರಂದು ತೀರಿಕೊಂಡರು. ಆ ಪಾದ್ರಿಗಳ ಹಿರಿಯ ಮಗಳೇ ಮೇರಿ. ಆಗ ಅವರಿಗೆ 26 ವರ್ಷ. ತಾಯಿಯೊಡನೆ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸುತ್ತಿದ್ದರು. ನಮ್ಮ ರಾಯರನ್ನು ಕಂಡು ಅವರ ಮಾತು ಕೇಳಿದ ಮೇಲೆ ಇಂಡಿಯಾದ ಹೆಂಗಸರಿಗಾಗಿ ಏನಾದರೂ ಮಾಡಬೇಕೆಂಬ ಆಸೆ ಅವರಲ್ಲಿ ಹುಟ್ಟಿತು. ಆದರೆ ಅದಕ್ಕೆ ಮೊದಲು ತಮ್ಮ ಮನೆಯ ಹಿಂದಿನ ಬೀದಿಗಳೇ ಅವರನ್ನು ಕೈಹಿಡಿದು ಎಳೆದವು.

ಬ್ರಿಸ್ಟಲ್ ಹಡಗುಗಳ ಊರು. ದುಡ್ಡಿದ್ದವರಿಗೆ ದುಡ್ಡು, ಇಲ್ಲದವರಿಗೆ ಗಲ್ಲಿ. ಆ ಗಲ್ಲಿಗಳ ಮಕ್ಕಳು ಬ್ರೆಡ್ಡು, ಬಟ್ಟೆ, ಕಲ್ಲಿದ್ದಲು ಕದ್ದು ಸಿಕ್ಕಿಬಿದ್ದರೆ ದೊಡ್ಡವರ ಜೊತೆಯಲ್ಲೇ ಜೈಲು. 1846ರಲ್ಲಿ ಮೇರಿ ಲೂಯಿನ್ಸ್ ಮೀಡ್ ಎಂಬ ಬಡವರ ಕೇರಿಯಲ್ಲಿ ಹರಕು ಬಟ್ಟೆಯ ಮಕ್ಕಳಿಗೆಂದು ಶಾಲೆ ತೆರೆದರು. ಜೈಲಿಗೆ ಹೋಗಿ ಬಂದ ಮಗು ಮತ್ತೆ ಜೈಲಿಗೇ ಹೋಗುವುದನ್ನು ಅಲ್ಲಿ ಕಣ್ಣಾರೆ ಕಂಡರು. 1851ರಲ್ಲಿ ಈ ವಿಷಯವಾಗಿ ಒಂದು ಪುಸ್ತಕ ಬರೆದರು. ಬೀದಿಯ ಮಕ್ಕಳಿಗೆ ಉಚಿತ ಶಾಲೆ, ಅಲೆಯುವ ಮಕ್ಕಳಿಗೆ ಊಟವಿಟ್ಟು ಕಸುಬು ಕಲಿಸುವ ಶಾಲೆ, ತಪ್ಪು ಮಾಡಿದ ಮಕ್ಕಳಿಗೆ ಜೈಲಿನ ಬದಲು ತಿದ್ದುವ ಶಾಲೆ, ಹೀಗೆ ಮೂರು ಬಗೆಯ ಶಾಲೆಗಳು ಬೇಕೆಂದು ಅದರಲ್ಲಿ ವಾದಿಸಿದರು. ಬರೆದು ಸುಮ್ಮನಾಗಲಿಲ್ಲ. 1852ರಲ್ಲಿ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನಲ್ಲಿ ಗಂಡುಹೆಣ್ಣು ಇಬ್ಬರಿಗೂ ಅಂಥ ಶಾಲೆ ಶುರುವಾಯಿತು. ಇಬ್ಬರನ್ನೂ ಒಂದೇ ಕಡೆ ಇಡುವುದು ಆಗದ ಮಾತೆಂದು ತಿಳಿದ ಮೇಲೆ ಹುಡುಗಿಯರಿಗೇ ಬೇರೆ ಮನೆ ಹುಡುಕಿದರು. ಕವಿ ಬೈರನ್ನನ ಹೆಂಡತಿ, ಲೇಡಿ ಬೈರನ್, ತಮ್ಮ ಹಣದಿಂದ 16ನೆಯ ಶತಮಾನದ ಒಂದು ಹಳೆಯ ಮನೆ ಕೊಂಡುಕೊಟ್ಟರು. ಅದೇ ರೆಡ್ ಲಾಡ್ಜ್. ಜೈಲಿನ ದಾರಿ ಹಿಡಿದಿದ್ದ ಹುಡುಗಿಯರಿಗೆ 1854ರಲ್ಲಿ ಅಲ್ಲಿ ಶಾಲೆ ತೆರೆಯಿತು. ಹುಡುಗಿಯರಿಗೆಂದೇ ಇಂಗ್ಲೆಂಡಿನಲ್ಲಿ ತೆರೆದ ಮೊದಲ ಸುಧಾರಣಾ ಶಾಲೆ ಅದೆಂದು ಹೇಳುತ್ತಾರೆ. ಮರದ ಕೆತ್ತನೆಯ ಗೋಡೆಗಳಿರುವ ಆ ಮನೆ ಇಂದು ಮ್ಯೂಸಿಯಂ.

ಓದು, ಬರಹ, ಲೆಕ್ಕ, ಬೈಬಲ್ಲು, ಹೊಲಿಗೆ, ಅಡಿಗೆ, ಬಟ್ಟೆ ಒಗೆಯುವುದು ಇವೇ ಅಲ್ಲಿಯ ಪಾಠಗಳು. ಎಲ್ಲವೂ ಸುಸೂತ್ರವಾಗಿತ್ತೆಂದು ತಿಳಿಯಬೇಡಿ. ಓಡಿಹೋದವರಿದ್ದರು, ಹಟ ಹಿಡಿದವರಿದ್ದರು. ಮೇರಿಯವರೂ ಮೆತ್ತಗಿನ ಹೆಂಗಸಲ್ಲ. 1858ರಲ್ಲಿ ಫ್ರಾನ್ಸೆಸ್ ಪವರ್ ಕಾಬ್ ಎಂಬ ಲೇಖಕಿ ಅವರ ಜೊತೆಗಿದ್ದು ಕೆಲಸ ಮಾಡಲೆಂದು ಬಂದವರು ಆ ಮನೆಯ ಕಟ್ಟುನಿಟ್ಟಿನ ಬದುಕು ತಡೆಯಲಾರದೆ ಹೆಚ್ಚು ದಿನ ನಿಲ್ಲಲಿಲ್ಲ.

ಹುಡುಗರಿಗಿಂತ ಹುಡುಗಿಯರನ್ನು ತಿದ್ದುವುದು ಕಷ್ಟ ಎಂದು ಆಗಿನವರು ಹೇಳುತ್ತಿದ್ದರು. ಮೇರಿಯವರಿಗೂ ಹಾಗೆಯೇ ಅನ್ನಿಸಿತ್ತು. ನನಗೆ ಅದರ ಕಾರಣ ಹುಡುಗಿಯರ ಸ್ವಭಾವದಲ್ಲಿ ಕಾಣುವುದಿಲ್ಲ, ಬಾಗಿಲ ಆಚೆ ಕಾಣುತ್ತದೆ. ಹುಡುಗನಾದರೆ ಹಡಗು ಹತ್ತಬಹುದು, ಸೈನ್ಯ ಸೇರಬಹುದು, ಯಾರಿಗೂ ಗುರುತಿಲ್ಲದ ದೇಶಕ್ಕೆ ಹೋಗಿ ಹೊಸಬನಾಗಬಹುದು. ಹುಡುಗಿಗೆ ಇದ್ದದ್ದು ಹೆಚ್ಚಾಗಿ ಇನ್ನೊಬ್ಬರ ಮನೆಗೆಲಸ. ಕೆಲಸಕ್ಕೆ ಸೇರಬೇಕಾದರೆ ಮನೆಯೊಡತಿ ಮೊದಲು ಕೇಳುತ್ತಿದ್ದದ್ದು ಹಿಂದಿನವರು ಬರೆದುಕೊಟ್ಟ ನಡತೆಯ ಚೀಟಿ. ಕಳ್ಳತನ ಮಾಡಿ ಶಿಕ್ಷೆ ಅನುಭವಿಸಿದವಳಿಗೆ ಆ ಚೀಟಿ ಬರೆದುಕೊಡುವವರು ಯಾರು? ಅಂದರೆ ಅಕ್ಷರ ಕಲಿಸಿ ಬಾಗಿಲು ತೆರೆದುಬಿಟ್ಟರೆ ಆಗಲಿಲ್ಲ. ಆಚೆ ಕಡೆ ಇನ್ನೊಬ್ಬರು ನಂಬಿ ಒಳಗೆ ಕರೆದುಕೊಳ್ಳಬೇಕು.

ಮೇರಿಯವರಿಗೂ ಸರಕಾರಕ್ಕೂ ದೊಡ್ಡ ಜಗಳವಿದ್ದದ್ದು ಹದಿನಾಲ್ಕು ದಿನಗಳ ವಿಷಯದಲ್ಲಿ. 1854ರಲ್ಲಿ ಬಂದ ಕಾನೂನು 16 ವರ್ಷದೊಳಗಿನ ಮಕ್ಕಳನ್ನು ಸುಧಾರಣಾ ಶಾಲೆಗೆ ಕಳಿಸಬಹುದೆಂದು ಒಪ್ಪಿತು. ಆದರೆ ಮೊದಲು ಕನಿಷ್ಠ ಹದಿನಾಲ್ಕು ದಿನ ಜೈಲಿನಲ್ಲಿ ಇಟ್ಟೇ ಕಳಿಸಬೇಕು. ತಪ್ಪಿಗೆ ಶಿಕ್ಷೆ ಆಯಿತೆಂದು ಊರಿಗೆಲ್ಲ ಕಾಣಬೇಕಲ್ಲ! ಶಾಲೆಗೆ ಹೋಗುವ ಮಗುವಿಗೆ ಜೈಲಿನ ಮುದ್ರೆ ಒತ್ತಿ ಕಳಿಸುವುದೇಕೆ ಎಂದು ಮೇರಿ ವಾದಿಸಿದರು. ಅವರು 1877ರಲ್ಲಿ ತೀರಿಕೊಳ್ಳುವವರೆಗೂ ಮೊದಲು ಜೈಲಿನಲ್ಲಿಡುವ ಆ ನಿಯಮ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಅದು ರದ್ದಾದದ್ದು 1899ರಲ್ಲಿ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ನಾನೂ ಒಂದು ಮಗುವಿಗೆ ಅಂಥದೇ ಮುದ್ರೆ ಒತ್ತಿದ್ದೆ.

1998ರ ಜೂನ್. ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಎಂಟನೆಯ ತರಗತಿಗೆ ಒಬ್ಬ ಹುಡುಗಿ ಹೊಸದಾಗಿ ಬಂದಳು, ಉಳಿದವರಿಗಿಂತ ಎರಡು ವರ್ಷ ದೊಡ್ಡವಳು. ಮನೆಗೆಲಸಕ್ಕಿದ್ದ ಕಡೆ ಸರ ಕದ್ದಳೆಂದು ಕೇಸಾಗಿ ಬೇರೆ ಊರಿನಲ್ಲಿ ಬಾಲಮಂದಿರದಲ್ಲಿದ್ದು, ಬಿಡುಗಡೆಯಾಗಿ ನಮ್ಮೂರಿನ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಇದು ನನಗೆ ಆಮೇಲೆ ತಿಳಿದದ್ದು. ಆ ದಿನ ನಾನು ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಾ, “ಯಾವ ಸ್ಕೂಲಿಂದ ಬಂದೆ?” ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ನಿಂತಳು. ಎರಡನೆಯ ಸಲ ಕೇಳಿದರೂ ಬಾಯಿ ಬಿಡಲಿಲ್ಲ. ಇದೇನು ಮೊಂಡುತನ ಎಂದುಕೊಂಡು ಅವಳ ಟಿ.ಸಿ.ಯನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿಬಿಟ್ಟೆ. ಆ ಹೆಸರಿನಲ್ಲೇ ‘ಬಾಲಮಂದಿರ’ ಎಂದಿತ್ತು. ನಲವತ್ತು ತಲೆಗಳು ಒಟ್ಟಿಗೆ ಅವಳ ಕಡೆ ತಿರುಗಿದವು.

ಎರಡು ದಿನ ಬಿಟ್ಟು ಒಬ್ಬ ತಾಯಿ ಬಂದು ತಮ್ಮ ಮಗಳ ಜಾಗ ಬದಲಾಯಿಸಿ ಎಂದು ಕೇಳಿಕೊಂಡರು. “ತಪ್ಪು ತಿಳ್ಕೋಬೇಡಿ ಮೇಡಂ, ನಮ್ಮದು ಹೆಣ್ಣುಮಗು” ಎಂದರು. ಅವಳದೂ ಹೆಣ್ಣುಮಗುವೇ ಎಂದು ಹೇಳುವಷ್ಟು ತಿಳಿವಳಿಕೆ ನನಗಿರಲಿಲ್ಲ. ಜಾಗ ಬದಲಾಯಿಸಿದೆ. ಇನ್ನೊಬ್ಬರು ಬಂದರು, ಅವರ ಮಗಳನ್ನೂ ಬದಲಾಯಿಸಿದೆ. ಕೊನೆಯ ಬೆಂಚಿನಲ್ಲಿ ಅವಳೊಬ್ಬಳೇ ಉಳಿದಳು. ಒಟ್ಟು ಹನ್ನೊಂದು ದಿನ ಬಂದಳು.

ತಿಂಗಳ ಮೇಲೆ ಮನಸ್ಸು ತಡೆಯದೆ ಅವರ ಮನೆ ಹುಡುಕಿಕೊಂಡು ಹೋದೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತು ಹೇಳಿದರು: “ಬೆಂಗಳೂರಿಗೆ ಗಾರ್ಮೆಂಟ್ಸಿಗೆ ಕಳಿಸ್ಬಿಟ್ವಿ ಟೀಚರಮ್ಮ. ಅಲ್ಲಿ ಓದ್ಕೊಂಡಿದ್ದೋಳು, ಇಲ್ಲಿ ಓದೋಕಾಗ್ಲಿಲ್ಲ.” ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀಗ ಹಾಕಿದ ಗೇಟಿನೊಳಗೆ ಓದಿದ ಹುಡುಗಿ ನನ್ನ ತೆರೆದ ತರಗತಿಯಲ್ಲಿ ಓದಲಾರದೆ ಹೋಗಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವಳೂ ನಾನೇ.

ಕಾನೂನು ಆಗಲೂ ಅವಳ ಪರವಾಗಿಯೇ ಇತ್ತು. 1986ರ ಬಾಲನ್ಯಾಯ ಕಾಯಿದೆ ಇಂಥ ಮಕ್ಕಳ ಹೆಸರು, ವಿಳಾಸ, ಕಡೆಗೆ ಶಾಲೆಯ ಗುರುತನ್ನು ಕೂಡ ಪತ್ರಿಕೆಗಳು ಅಚ್ಚುಹಾಕಬಾರದೆಂದು ಹೇಳಿತ್ತು. ಪತ್ರಿಕೆಯವರು ಮಾಡಬಾರದೆಂದು ಸರಕಾರ ತಡೆದ ಕೆಲಸವನ್ನು ನಾನು ಹಾಜರಿ ಕರೆಯುತ್ತಾ ಮಾಡಿದ್ದೆ. ಬಿ.ಎಡ್. ತರಗತಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿ ಒಳ್ಳೆಯ ಅಂಕ ಪಡೆದಿದ್ದೆ. ಈ ಕಾಯಿದೆಯ ಹೆಸರನ್ನು ಮಾತ್ರ ಅಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮೇರಿಯವರ ಕಥೆಗೆ ಮರಳುತ್ತೇನೆ, ಏಕೆಂದರೆ ಅದು ನಮ್ಮ ದೇಶಕ್ಕೂ ಬಂತು. 1866ರಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ, ಅವರು ಮೊದಲ ಸಲ ಇಂಡಿಯಾಕ್ಕೆ ಬಂದರು. ಅಹಮದಾಬಾದು, ಮದರಾಸು, ಕಲ್ಕತ್ತ ಎಲ್ಲ ಸುತ್ತಿದರು. ಹೋದ ಹೋದಲ್ಲಿ ಎರಡು ಜಾಗ ನೋಡುತ್ತಿದ್ದರು: ಹೆಣ್ಣುಮಕ್ಕಳ ಶಾಲೆ, ಜೈಲು. ಶಾಲೆಗಳಲ್ಲಿ ಪಾಠ ಹೇಳುವವರೆಲ್ಲ ಬಹುಮಟ್ಟಿಗೆ ಗಂಡಸರು. ಹುಡುಗಿಯರು ಸ್ವಲ್ಪ ದೊಡ್ಡವರಾಗುತ್ತಲೇ ಮನೆಯಲ್ಲಿ ಬಿಡಿಸುತ್ತಿದ್ದರು. ಹೆಂಗಸರನ್ನೇ ಉಪಾಧ್ಯಾಯಿನಿಯರಾಗಿ ತಯಾರು ಮಾಡುವ ಶಾಲೆಗಳು ಬೇಕೆಂದು ಅವರು ಸರಕಾರಕ್ಕೆ ಬರೆದರು. ಗೌರವಸ್ಥ ಮನೆಗಳಿಂದ ಹೆಂಗಸರು ಈ ಕೆಲಸಕ್ಕೆ ಬರುವುದಿಲ್ಲ, ಕಾಲ ಇನ್ನೂ ಕೂಡಿಬಂದಿಲ್ಲ ಎಂದವರು ಸಾಮಾನ್ಯರಲ್ಲ, ಈಶ್ವರಚಂದ್ರ ವಿದ್ಯಾಸಾಗರರು. ಕಲ್ಕತ್ತದಲ್ಲಿ ಬೆಥೂನ್ ಶಾಲೆಯ ಜೊತೆಗೆ ತೆರೆದ ತರಬೇತಿ ಶಾಲೆ 1872ರಲ್ಲಿ ಮುಚ್ಚಿಯೂ ಹೋಯಿತು. ಆದರೆ ಆ ಬೀಜ ಒಣಗಲಿಲ್ಲ. ಇಂದು ಬಿ.ಎಡ್. ಮಾಡಿ ಕೈಯಲ್ಲಿ ಸೀಮೆಸುಣ್ಣ ಹಿಡಿದ ನಾವೆಲ್ಲ ಆ ಸಾಲಿನವರೇ.

ಜೈಲುಗಳಲ್ಲಿ ಎಳೆಯ ಮಕ್ಕಳನ್ನು ಪಳಗಿದ ಕೈದಿಗಳ ಜೊತೆ ಇಟ್ಟದ್ದರ ಬಗ್ಗೆಯೂ ಅವರು ಬರೆದರು. ನಾಲ್ಕನೆಯ ಸಲ ಅವರು ಬಂದದ್ದು 1875ರಲ್ಲಿ. ಮರುವರ್ಷವೇ ಇಲ್ಲಿ ಸುಧಾರಣಾ ಶಾಲೆಗಳ ಕಾಯಿದೆ ಬಂತು. ಆದರೆ ಅದರ ಜಾಗದಲ್ಲಿ ಬಂದ 1897ರ ಕಾಯಿದೆಯನ್ನು ತೆಗೆದು ನೋಡಿದರೆ, ಬಾಲಾಪರಾಧಿ ಎಂದರೆ 15 ವರ್ಷದೊಳಗಿನ ಹುಡುಗ ಎಂದಿದೆ. ಹುಡುಗಿಯ ಮಾತೇ ಇಲ್ಲ! ಬ್ರಿಸ್ಟಲ್‌ನಲ್ಲಿ ಹುಡುಗಿಯರಿಗಾಗಿ ಆಯುಷ್ಯ ಸವೆಸಿದ ಹೆಂಗಸು ಕೂಗಿ ಕರೆದ ಸುಧಾರಣೆ ನಮ್ಮ ದೇಶಕ್ಕೆ ಬರುವಷ್ಟರಲ್ಲಿ ಹುಡುಗಿಯರನ್ನು ಹೊರಗೇ ಬಿಟ್ಟು ಬಂತು.

ಆಮೇಲಿನದು ನಿಧಾನದ ನಡಿಗೆ. 1920ರಲ್ಲಿ ಮದರಾಸು, 1922ರಲ್ಲಿ ಬಂಗಾಳ, 1924ರಲ್ಲಿ ಮುಂಬಯಿ ಪ್ರಾಂತಗಳು ಮಕ್ಕಳ ಕಾಯಿದೆ ಮಾಡಿದವು. 1986ರಲ್ಲಿ ಜಮ್ಮು-ಕಾಶ್ಮೀರ ಬಿಟ್ಟು ಉಳಿದ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂತು. 2000ದಲ್ಲಿ ಇನ್ನೊಂದು, 2015ರಲ್ಲಿ ಮತ್ತೊಂದು. ಈಗಿರುವ 2015ರ ಕಾಯಿದೆಯಲ್ಲಿ ನಮ್ಮಂಥವರು ತಿಳಿದಿರಲೇಬೇಕಾದ ಮೂರು ಮಾತುಗಳಿವೆ. ಪ್ರಕರಣ ಮುಗಿದ ಮೇಲೆ ಪೊಲೀಸರು ನಡತೆ ಪ್ರಮಾಣಪತ್ರಕ್ಕೆಂದು ಕೂಡ ಮಗುವಿನ ದಾಖಲೆಯನ್ನು ಬಯಲು ಮಾಡುವಂತಿಲ್ಲ. 16 ದಾಟಿ, ಘೋರ ಅಪರಾಧಕ್ಕಾಗಿ ದೊಡ್ಡವರಂತೆ ವಿಚಾರಣೆಗೆ ಒಳಗಾದವರನ್ನು ಬಿಟ್ಟರೆ, ಹಳೆಯ ತಪ್ಪಿನ ಕಾರಣದಿಂದ ಯಾರಿಗೂ ಮುಂದೆ ಅನರ್ಹತೆ ಅಂಟುವುದಿಲ್ಲ. ಹದಿನೆಂಟು ತುಂಬಿ ಹೊರಬಂದವರಿಗೆ ಇಪ್ಪತ್ತೊಂದರವರೆಗೆ ಆಸರೆ ಕೊಡಬಹುದು, ಹಣದ ನೆರವು ಸಹ. ಮೇರಿಯವರ ಕಾಲದ ಮನೆಯೊಡತಿ ಕೇಳುತ್ತಿದ್ದ ಆ ನಡತೆಯ ಚೀಟಿಗೆ ಕಾನೂನೇನೋ ಉತ್ತರ ಕೊಟ್ಟಿದೆ. ನೆರೆಮನೆಯವರು, ಪಕ್ಕದ ಬೆಂಚಿನವರು ಕೇಳುವ ಚೀಟಿಗೆ ಯಾವ ಕಾನೂನು ಉತ್ತರ ಕೊಡಬೇಕು?

ಆ ಉತ್ತರ ಕೊಡುವ ಅವಕಾಶ ನನಗೆ ಇನ್ನೊಂದು ಸಲ ಬಂತು, ಬಹಳ ವರ್ಷಗಳ ನಂತರ. ಇವಳು ಒಂಬತ್ತನೆಯ ತರಗತಿಗೆ ಬಂದವಳು. ಈ ಸಲ ಹೆಡ್‌ಮಾಸ್ಟರ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿ ಕಾಗದಗಳನ್ನು ನೋಡಿದೆವು. ಅವಳ ಹೆಸರನ್ನು ಉಳಿದವರ ಹೆಸರಿನಂತೆಯೇ ಕರೆದೆ. ಗಲಾಟೆಯ ಸ್ವಭಾವದ, ಆದರೆ ಒಳ್ಳೆಯ ಮನಸ್ಸಿನ ಹುಡುಗಿಯೊಬ್ಬಳ ಪಕ್ಕ ಕೂರಿಸಿದೆ. ಓದಿನಲ್ಲಿ ಹಿಂದಿದ್ದಳು; ಭಿನ್ನರಾಶಿ ಎಂದರೆ ಅಳು. ಸಂಜೆ ಅರ್ಧ ಗಂಟೆ ಉಳಿಸಿಕೊಳ್ಳುತ್ತಿದ್ದೆ. ಒಂದು ಸಂಜೆ ಲೆಕ್ಕ ಮಾಡುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು:

“ಮಿಸ್, ನಿಮಗೆ ಗೊತ್ತಾ?”

“ಗೊತ್ತು.”

“ಇನ್ಯಾರಿಗೆ ಗೊತ್ತು?”

“ಹೆಡ್‌ಮಾಸ್ಟರಿಗೆ. ಅಷ್ಟೇ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಲೆಕ್ಕ ಬರ್ತಿಲ್ಲ ಮಿಸ್” ಎಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಮಾತ್ರ ಹೋಯಿತು, ಪೂರಕ ಪರೀಕ್ಷೆಯಲ್ಲಿ ಪಾಸಾಯಿತು. ಮುಂದೆಯೂ ಓದಿದಳು. ಇದಕ್ಕಿಂತ ಹೆಚ್ಚು ಅವಳ ವಿಷಯ ಬರೆಯುವ ಹಕ್ಕು ನನಗಿಲ್ಲ.

ಮೊದಲಿನವಳು ಎಲ್ಲಿದ್ದಾಳೋ ತಿಳಿಯದು. ಬೆಂಗಳೂರಿಗೆ ಹೋದಾಗ ಗಾರ್ಮೆಂಟ್ಸಿನಿಂದ ಸಂಜೆ ಗುಂಪುಗುಂಪಾಗಿ ಬರುವ ಹೆಂಗಸರ ಮುಖಗಳನ್ನು ಈಗಲೂ ನೋಡುತ್ತೇನೆ. ಅವಳಿಗೆ ಈಗ ನಲವತ್ತರ ಮೇಲಾಗಿರಬೇಕು. ಸಿಕ್ಕಿದರೆ ಏನು ಹೇಳಬೇಕೆಂದು ಇಷ್ಟು ವರ್ಷವಾದರೂ ಗೊತ್ತಾಗಿಲ್ಲ.

ಈ ಪುಸ್ತಕ ಓದುವ ತಾಯಂದಿರಲ್ಲಿ ಒಂದು ಮಾತು. ನಿಮ್ಮ ಮಗಳು ಶಾಲೆಯಿಂದ ಬಂದು, “ಅಮ್ಮಾ, ನಮ್ಮ ಕ್ಲಾಸಿಗೆ ಒಬ್ಬಳು ಹೊಸಬಳು ಬಂದಿದ್ದಾಳೆ, ಎಲ್ಲಿಂದ ಬಂದೆ ಅಂದರೆ ಹೇಳೋದೇ ಇಲ್ಲ” ಎಂದರೆ, ವಿಚಾರಿಸಿಕೊಂಡು ಬಾ ಎನ್ನಬೇಡಿ. ನಾಳೆ ಡಬ್ಬಿಗೆ ಎರಡು ಚಪಾತಿ ಹೆಚ್ಚು ಹಾಕಿ ಕಳಿಸಿ. ಜೊತೆಗೆ ಕೂತು ತಿನ್ನಲಿ.