ದಮ್ಮು, ಪಂಪು, ಜೀನು: ಬೀಟಾ-2 ಗ್ರಾಹಕದ ಚರಿತ್ರೆಯನ್ನು ಬೀದರಿನಿಂದ ಓದುವುದು

ಬೀದರಿನ ನೌಬಾದ, ಭಾಲ್ಕಿ, ಔರಾದ ಕಡೆ ಉಬ್ಬಸಕ್ಕೆ ದಮ್ಮು ಎಂದೇ ಹೆಸರು. ಅದು ಮನೆತನದ ಬ್ಯಾನಿ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿ ಕೂತಿದೆ. ಸಂಬಂಧ ನೋಡಲು ಬಂದವರು ಹೊಲ, ನೌಕರಿ ಎಲ್ಲ ವಿಚಾರಿಸಿದ ಮೇಲೆ ದನಿ ತಗ್ಗಿಸಿ "ಮನ್ಯಾಗ ಯಾರಿಗರೆ ದಮ್ಮದ ಏನ್ರಿ?" ಎಂದು ಕೇಳುವುದುಂಟು. ಆ ಒಂದು ಪ್ರಶ್ನೆಗೆ ಹೆದರಿ ಎಷ್ಟೋ ಹುಡುಗಿಯರ ಪಂಪು (ಇನ್ಹೇಲರ್) ಬೀರುವಿನಲ್ಲಿ ಸೀರೆಗಳ ಅಡಿ ಸೇರುತ್ತದೆ, ದಿನವೂ ಎಳೆದುಕೊಳ್ಳಬೇಕಾದ ಔಷಧ ತಪ್ಪುತ್ತದೆ. ಈಚೆಗೆ ಆ ಹಳೆಯ ನಂಬಿಕೆಗೆ "ಜೀನಿನಾಗೇ ಅದ" ಎಂಬ ಹೊಸ ಮಾತೂ ಕೂಡಿಕೊಂಡಿದೆ. ಉಬ್ಬಸದ ಚರ್ಚೆಯಲ್ಲಿ ಮತ್ತೆ ಮತ್ತೆ ಹೆಸರು ಕೇಳಿಬಂದ ಜೀನು ಎಡಿಆರ್‌ಬಿ2. ಶ್ವಾಸನಾಳದ ಸ್ನಾಯುಕೋಶಗಳ ಮೇಲೆ ಅಡ್ರಿನಲಿನ್ನನ್ನು ಹಿಡಿದುಕೊಳ್ಳುವ ಬೀಟಾ-2 ಗ್ರಾಹಕವನ್ನು ಕಟ್ಟುವ ಸೂಚನೆ ಇರುವುದು ಇದರಲ್ಲಿ. ಈ ಜೀನಿನ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಔಷಧ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅದು ಚೆನ್ನಾಗಿ ವಿವರಿಸಿದೆ. ರೋಗ ಯಾಕೆ ಬಂತು ಎಂಬುದಕ್ಕೆ ಅದರಿಂದ ಉತ್ತರ ಸಿಕ್ಕಿದ್ದು ತೀರಾ ಕಡಿಮೆ.

ಬೀದರಿಗೆ ವೈದ್ಯದ ಚರಿತ್ರೆ ಹೊಸದಲ್ಲ. ನೌಬಾದ ಎಂದರೆ ಇತಿಹಾಸಕಾರರಿಗೆ ಬಹಮನಿ ಕಾಲದ ಕಾರೇಜ್ ನೆನಪಾಗುತ್ತದೆ, ಜಂಬಿಟ್ಟಿಗೆ ಕಲ್ಲನ್ನು ಕೊರೆದು ನೆಲದಡಿ ನೀರು ಹರಿಸಿದ ಸುರಂಗ. ಅದೇ ಬಹಮನಿ ಮನೆತನದ ಎರಡನೆಯ ಅಲಾವುದ್ದೀನ್ ಅಹಮದ್ (1436–1458) ಬೀದರಿನಲ್ಲಿ ದಾರುಶ್ಶಿಫಾ, ಅಂದರೆ ಆಸ್ಪತ್ರೆ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದನೆಂದು ಚರಿತ್ರಕಾರ ಫಿರಿಷ್ತಾ ಬರೆಯುತ್ತಾನೆ. ಆ ಯುನಾನಿ ಪರಂಪರೆಯ ಲಊಕ್ ಸಪಿಸ್ತಾನ್ ಎಂಬ ನೆಕ್ಕುವ ಔಷಧ ಇವತ್ತಿಗೂ ಕೆಮ್ಮು-ದಮ್ಮಿಗೆ ಮನೆಗಳಲ್ಲಿ ಬಳಕೆಯಲ್ಲಿದೆ. ಮೃಗಶಿರಾ ಮಳೆ ಕೂಡುವ ಹೊತ್ತಿಗೆ, ಜೂನ್ ಮೊದಲ ವಾರದ ಆಸುಪಾಸು, ಹೈದರಾಬಾದಿನ ಬತ್ತಿನಿ ಮನೆತನದವರು ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುತ್ತಾರೆ. 1845ರಿಂದ ಇದು ನಡೆದುಬಂದಿದೆ ಎನ್ನುವುದು ಆ ಮನೆತನದ ಹೇಳಿಕೆ. ಈ ಭಾಗದ ಜನ ಅಲ್ಲಿಗೂ ಹೋಗುತ್ತಾರೆ. ಅವರ ಸಂಕಟ ದೊಡ್ಡದು, ಹೋಗುವವರನ್ನು ಹಳಿಯುವ ಅರ್ಥವಿಲ್ಲ. ಆದರೆ ದಮ್ಮು ಋತುವಿನ ಜತೆ ಏರಿ ಇಳಿಯುವ ಕಾಯಿಲೆ. ಯಾವ ಮದ್ದನ್ನೇ ಕೊಡಲಿ, ನಂತರದ ತಿಂಗಳುಗಳಲ್ಲಿ ಒಂದಷ್ಟು ಜನಕ್ಕೆ ತಾನಾಗಿ ಹಗುರಾಗುತ್ತದೆ. ಆ ಕಾರಣಕ್ಕೇ ಉಬ್ಬಸದಲ್ಲಿ ಔಷಧದ ಗುಣವನ್ನು ಹೋಲಿಕೆಯ ಗುಂಪಿಲ್ಲದೆ ಅಳೆಯಲು ಬರುವುದಿಲ್ಲ.

ಅಡ್ರಿನಲಿನ್ನಿನ ಕಥೆ ಶುರುವಾಗುವುದು 1894ರಲ್ಲಿ. ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಮೂತ್ರಪಿಂಡದ ಮೇಲಿನ ಗ್ರಂಥಿಯ ಸಾರವನ್ನು ಪ್ರಾಣಿಗಳಿಗೆ ಚುಚ್ಚಿ, ರಕ್ತದೊತ್ತಡ ದಿಢೀರನೆ ಏರುವುದನ್ನು ಕಂಡರು. 1901ರ ಹೊತ್ತಿಗೆ ಜೋಕಿಚಿ ತಕಮಿನೆ ಅದರ ಸತ್ವವನ್ನು ಹರಳು ರೂಪದಲ್ಲಿ ಬೇರ್ಪಡಿಸಿದ್ದರು. ಕೆಲವೇ ವರ್ಷಗಳಲ್ಲಿ ವೈದ್ಯರು ಅದನ್ನು ಉಬ್ಬಸಕ್ಕೂ ಚುಚ್ಚತೊಡಗಿದರು. ಆಗ ಒಂದು ಒಗಟು ಕಾಡಿತು. ರಕ್ತನಾಳವನ್ನು ಬಿಗಿಯುವ ವಸ್ತುವೇ ಶ್ವಾಸನಾಳವನ್ನು ಸಡಿಲಿಸುವುದು ಹೇಗೆ? 1905ರಲ್ಲಿ ಕೇಂಬ್ರಿಜಿನ ಜಾನ್ ಲ್ಯಾಂಗ್ಲಿ, ಕೋಶಗಳಲ್ಲೇ ಔಷಧವನ್ನು ಸ್ವೀಕರಿಸುವ ಯಾವುದೋ ಪದಾರ್ಥ ಇರಬೇಕೆಂದು ಊಹಿಸಿದರು. ಆ ಊಹೆಗೆ ಆಕಾರ ಕೊಟ್ಟವರು ಅಮೆರಿಕದ ಜಾರ್ಜಿಯಾದ ರೇಮಂಡ್ ಆಲ್‌ಕ್ವಿಸ್ಟ್. ಅಡ್ರಿನಲಿನ್ ಮತ್ತು ಅದರ ಹತ್ತಿರದ ವಸ್ತುಗಳು, ಒಟ್ಟು ಆರನ್ನು ಬೇರೆ ಬೇರೆ ಅಂಗಗಳ ಮೇಲೆ ಪರೀಕ್ಷಿಸಿ, ಯಾವುದು ಎಲ್ಲಿ ಹೆಚ್ಚು ಪರಿಣಾಮ ಬೀರುತ್ತದೆಂದು ಅವರು ಸಾಲಾಗಿ ಜೋಡಿಸಿದರು. ಸಾಲುಗಳು ಎರಡೇ ಬಂದವು. ಹಾಗಾದರೆ ಗ್ರಾಹಕಗಳೂ ಎರಡು ಬಗೆ ಇರಬೇಕೆಂದು ಅವುಗಳಿಗೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಒಂದು ನಿಯತಕಾಲಿಕ ತಿರಸ್ಕರಿಸಿದ ಆ ಲೇಖನ 1948ರಲ್ಲಿ ಇನ್ನೊಂದರಲ್ಲಿ ಪ್ರಕಟವಾಯಿತು. ಹತ್ತು ವರ್ಷ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ತೆಗೆದುಕೊಂಡವರಲ್ಲಿ ಒಬ್ಬರಾದ ಜೇಮ್ಸ್ ಬ್ಲ್ಯಾಕ್ ಬೀಟಾ ಗ್ರಾಹಕವನ್ನು ತಡೆಯುವ ಪ್ರೊಪ್ರನೊಲಾಲ್ ರೂಪಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಬಂತು.

1967ರಲ್ಲಿ ಲ್ಯಾಂಡ್ಸ್ ಮತ್ತು ಸಂಗಡಿಗರು ಬೀಟಾ ಗ್ರಾಹಕವನ್ನೇ ಮತ್ತೆ ಎರಡಾಗಿ ವಿಂಗಡಿಸಿದರು. ಹೃದಯದಲ್ಲಿ ಹೆಚ್ಚಾಗಿರುವುದು ಬೀಟಾ-1, ಶ್ವಾಸನಾಳದಲ್ಲಿ ಬೀಟಾ-2. ಆ ಹೊತ್ತಿಗೆ ಬ್ರಿಟನ್ನಿನಲ್ಲಿ, ಎರಡೂ ಬಗೆಯ ಬೀಟಾ ಗ್ರಾಹಕಗಳನ್ನು ಕೆರಳಿಸುವ ಐಸೊಪ್ರಿನಲಿನ್ ಪಂಪುಗಳ ಕಾಲದಲ್ಲೇ ಉಬ್ಬಸದ ಸಾವುಗಳು ಏರಿ ಗಾಬರಿ ಹುಟ್ಟಿಸಿದ್ದವು. ಹೃದಯವನ್ನು ಅಷ್ಟಾಗಿ ಕೆರಳಿಸದೆ ಶ್ವಾಸನಾಳವನ್ನು ತೆರೆಯುವ ಔಷಧ ಬೇಕಿತ್ತು. ಡೇವಿಡ್ ಜ್ಯಾಕ್ ಅವರ ತಂಡದ ಸಾಲ್ಬುಟಮಾಲ್ 1969ರಲ್ಲಿ ಮಾರುಕಟ್ಟೆಗೆ ಬಂತು. ಭಾಲ್ಕಿಯ ಮೆಡಿಕಲ್ ಅಂಗಡಿಯಲ್ಲಿ ಇಂದು "ನೀಲಿ ಪಂಪ್ ಕೊಡ್ರಿ" ಎಂದರೆ ಕೈಗೆ ಬರುವುದು ಬಹುತೇಕ ಅದೇ. ಬೀಟಾ-1, ಬೀಟಾ-2 ಎಂಬ ವಿಂಗಡಣೆಯನ್ನು ಮರೆತರೆ ಅಪಾಯವೂ ಇದೆ. ಕೈನಡುಕಕ್ಕೋ ಅರ್ಧತಲೆನೋವಿಗೋ ಕೊಡುವ ಪ್ರೊಪ್ರನೊಲಾಲ್ ಎರಡೂ ಗ್ರಾಹಕಗಳನ್ನು ಮುಚ್ಚುವುದರಿಂದ, ದಮ್ಮಿದ್ದವರಿಗೆ ಅದು ಉಸಿರು ಕಟ್ಟಿಸಬಲ್ಲದು. ರೋಗಿ ದಮ್ಮನ್ನು ವೈದ್ಯರಿಂದಲೂ ಮುಚ್ಚಿಟ್ಟರೆ ಅವರಿಗೆ ಇದು ತಿಳಿಯುವ ದಾರಿಯೇ ಇರುವುದಿಲ್ಲ.

ಗಮನಿಸಬೇಕಾದ್ದು ಇಷ್ಟು: ಇಲ್ಲಿಯ ತನಕ ಗ್ರಾಹಕವನ್ನು ಯಾರೂ ಕಂಡಿರಲಿಲ್ಲ. ಔಷಧವೇ ಮೊದಲು ಬಂತು, ಗ್ರಾಹಕ ಆಮೇಲೆ, ಜೀನು ಕೊನೆಗೆ. ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಲೆಫ್ಕೊವಿಟ್ಜ್ ವಿಕಿರಣ ಗುರುತು ಹಚ್ಚಿದ ಔಷಧಗಳಿಂದ ಗ್ರಾಹಕವನ್ನು ಬೆನ್ನಟ್ಟಿ, ಶುದ್ಧೀಕರಿಸಿದರು. ಅವರ ತಂಡ ಮರ್ಕ್ ಕಂಪನಿಯ ವಿಜ್ಞಾನಿಗಳ ಜತೆಗೂಡಿ 1986ರಲ್ಲಿ ಹ್ಯಾಮ್‌ಸ್ಟರ್‌ನ ಬೀಟಾ-2 ಜೀನನ್ನು ಬೇರ್ಪಡಿಸಿತು. ಮರುವರ್ಷ ಮನುಷ್ಯನದು ಸಿಕ್ಕಿತು: 5ನೆಯ ವರ್ಣತಂತುವಿನ ಉದ್ದನೆಯ ತೋಳಿನಲ್ಲಿ, ನಡುವೆ ತುಂಡುಗಳಿಲ್ಲದೆ ಒಂದೇ ಉಸಿರಿಗೆ ಬರೆದಂತಿರುವ ಜೀನು, 413 ಅಮೈನೋ ಆಮ್ಲಗಳ ಪ್ರೋಟೀನು. ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ರೊಡಾಪ್ಸಿನ್ನಿನಂತೆ ಇದೂ ಕೋಶಪೊರೆಯನ್ನು ಏಳು ಸಲ ದಾಟುತ್ತದೆ ಎಂಬುದು ಯಾರೂ ನಿರೀಕ್ಷಿಸದ ಸಂಗತಿಯಾಗಿತ್ತು. ಆ ತಂಡದಲ್ಲಿದ್ದ ಬ್ರಯಾನ್ ಕೊಬಿಲ್ಕಾ 2007ರಲ್ಲಿ ಗ್ರಾಹಕದ ಹರಳು ರಚನೆಯನ್ನೂ, 2011ರಲ್ಲಿ ಅದು ಕೋಶದೊಳಗೆ ಸಂಕೇತ ದಾಟಿಸುವ ಜಿ-ಪ್ರೋಟೀನಿನ ಜತೆ ಬೆಸೆದುಕೊಂಡ ಕ್ಷಣದ ರೂಪವನ್ನೂ ತೋರಿಸಿದರು. 2012ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಸಂದಿತು.

ಆರೋಗ್ಯದ ನಂಟಿನ ಪ್ರಶ್ನೆ ಎದ್ದದ್ದು 1993ರಲ್ಲಿ. ಸ್ಟೀಫನ್ ಲಿಗೆಟ್ ಅವರ ತಂಡ ಉಬ್ಬಸ ಇರುವವರ, ಇಲ್ಲದವರ ಜೀನನ್ನು ಓದಿ, ಮನುಷ್ಯ ಮನುಷ್ಯನಿಗೆ ಬದಲಾಗುವ ತಾಣಗಳನ್ನು ಗುರುತಿಸಿತು. ಹೆಚ್ಚು ಚರ್ಚೆಯಾದದ್ದು ಪ್ರೋಟೀನಿನ 16ನೆಯ ಸ್ಥಾನ. ಜೀನಿನ 46ನೆಯ ಅಕ್ಷರ ಎ ಇದ್ದರೆ ಅಲ್ಲಿ ಆರ್ಜಿನೀನ್, ಜಿ ಇದ್ದರೆ ಗ್ಲೈಸೀನ್. 27ರಲ್ಲಿ ಗ್ಲುಟಮೀನ್ ಅಥವಾ ಗ್ಲುಟಮಿಕ್ ಆಮ್ಲ. 164ರಲ್ಲಿ ತೀರಾ ಅಪರೂಪಕ್ಕೆ ಥ್ರಿಯೊನೀನ್ ಹೋಗಿ ಐಸೊಲ್ಯೂಸೀನ್ ಬರುತ್ತದೆ. 16 ಮತ್ತು 27ರ ಬದಲಾವಣೆಗಳು ಉಬ್ಬಸ ಇಲ್ಲದವರಲ್ಲೂ ಧಾರಾಳವಾಗಿದ್ದವು ಎಂಬುದನ್ನು ಆಗಲೇ ಒತ್ತಿ ಹೇಳಬೇಕಿತ್ತು.

ಆಮೇಲಿನ ಹದಿನೈದು ವರ್ಷ ಆಸೆ ಮತ್ತು ಹಿಂಜರಿತದ ಚರಿತ್ರೆ. 1994ರಲ್ಲಿ ಪ್ರಯೋಗಾಲಯದ ಕೋಶಗಳಲ್ಲಿ ಗ್ಲೈಸೀನ್ ರೂಪದ ಗ್ರಾಹಕವೇ ಬೇಗ ಕಡಿಮೆಯಾಯಿತು. 1997ರಲ್ಲಿ ಮಾರ್ಟಿನೆಜ್ ಮತ್ತು ಸಂಗಡಿಗರು 269 ಮಕ್ಕಳನ್ನು ಪರೀಕ್ಷಿಸಿದಾಗ, ಎರಡೂ ಪ್ರತಿ ಆರ್ಜಿನೀನ್ ಇದ್ದವರು ಸಾಲ್ಬುಟಮಾಲಿಗೆ ಸ್ಪಂದಿಸುವ ಸಾಧ್ಯತೆ ಎರಡೂ ಗ್ಲೈಸೀನ್ ಇದ್ದವರಿಗಿಂತ 5.3 ಪಟ್ಟು ಕಂಡಿತು. ಇಷ್ಟಾದ ಮೇಲೆ 2004ರ ಪ್ರಯೋಗದಲ್ಲಿ ತಿರುವು ಬಂತು. ದಿನವೂ ನಿಯತವಾಗಿ ಸಾಲ್ಬುಟಮಾಲ್ ಎಳೆದಾಗ ಆರ್ಜಿನೀನ್ ಗುಂಪಿನವರ ಬೆಳಗಿನ ಉಸಿರಿನ ಬಲ ಸುಧಾರಿಸಲಿಲ್ಲ, ಗ್ಲೈಸೀನ್ ಗುಂಪಿನವರದು ಸುಧಾರಿಸಿತು. ಲಿಗೆಟ್ ಕೊಟ್ಟ ವಿವರಣೆ ನನಗೆ ಒಪ್ಪುವಂಥದ್ದು. ಗ್ಲೈಸೀನ್ ರೂಪದ ಗ್ರಾಹಕಗಳು ದೇಹದ ಸ್ವಂತ ಅಡ್ರಿನಲಿನ್ನಿನಿಂದಲೇ ಆಗಲೇ ತಗ್ಗಿರುತ್ತವೆ, ಔಷಧದಿಂದ ಹೊಸದಾಗಿ ಕಳೆದುಕೊಳ್ಳಲು ಅವುಗಳಲ್ಲಿ ಹೆಚ್ಚು ಉಳಿದಿರುವುದಿಲ್ಲ. ಆದರೆ 2007 ಮತ್ತು 2009ರ ಪ್ರಯೋಗಗಳಲ್ಲಿ ಸ್ಟಿರಾಯ್ಡ್ ಪಂಪಿನ ಜತೆಗೆ ದೀರ್ಘಕಾಲ ಕೆಲಸ ಮಾಡುವ ಬೀಟಾ-2 ಔಷಧ ಕೊಟ್ಟಾಗ ಈ ಭೇದವೇ ಕಾಣಿಸಲಿಲ್ಲ. ಜೀನು ನೋಡಿ ಪಂಪು ಆರಿಸುವ ಕನಸು ಅಲ್ಲಿಗೆ ಬಹುಮಟ್ಟಿಗೆ ಕುಗ್ಗಿತು.

ರೋಗವನ್ನೇ ಹುಟ್ಟಿಸುವ ಜೀನೆಂಬ ಆರೋಪವೂ ನಿಲ್ಲಲಿಲ್ಲ. 2010ರಲ್ಲಿ ಪ್ರಕಟವಾದ ಗೇಬ್ರಿಯಲ್ ಅಧ್ಯಯನ ಉಬ್ಬಸದ 10,365 ರೋಗಿಗಳನ್ನೂ ಇಲ್ಲದ 16,110 ಜನರನ್ನೂ ಹೋಲಿಸಿ, ಇಡೀ ಜೀನೋಮನ್ನು ಜಾಲಾಡಿತು. ಸಿಕ್ಕ ಮುಖ್ಯ ತಾಣಗಳು ರೋಗನಿರೋಧಕ ವ್ಯವಸ್ಥೆಗೆ, ಶ್ವಾಸನಾಳದ ಒಳಪದರಕ್ಕೆ ಸಂಬಂಧಿಸಿದವು. ಅವುಗಳ ಸಾಲಿನಲ್ಲಿ ಎಡಿಆರ್‌ಬಿ2 ಇರಲಿಲ್ಲ. ದಮ್ಮು ಮನೆತನಗಳಲ್ಲಿ ಹರಿಯುವುದು ನಿಜ. ಅದು ಅನೇಕ ಜೀನುಗಳ ಸಣ್ಣ ಸಣ್ಣ ಪಾಲು, ಯಾವ ಒಂದರ ತಪ್ಪೂ ಅಲ್ಲ. ಬೀಟಾ-3 ಜೀನಿನ ಬೊಜ್ಜಿನ ನಂಟು, ಬೀಟಾ-1 ಜೀನಿನ 389ನೆಯ ಸ್ಥಾನಕ್ಕೂ ಹೃದಯದ ಔಷಧಗಳಿಗೂ ಇರುವ ನಂಟು ಕೂಡ ಇದೇ ರೀತಿ ಗದ್ದಲದಿಂದ ಶುರುವಾಗಿ ತಣ್ಣಗಾದವು.

ಇನ್ನು ನಮ್ಮ ನಾಡಿನ ಅಂಕಿ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ 1979ರಿಂದ 1999ರವರೆಗೆ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಗಮನಿಸಿದರು. ಉಬ್ಬಸದ ಪ್ರಮಾಣ ಶೇ 9ರಿಂದ ಶೇ 29.5ಕ್ಕೆ ಏರಿತ್ತು. ಶಾಲೆಗಳ ಸಮೀಕ್ಷೆಯಲ್ಲಿ ವಾಹನ ಕಡಿಮೆ ಇರುವ ಕಡೆ ಶೇ 11.15, ದಟ್ಟಣೆಯ ಕಡೆ ಶೇ 19.34, ದಟ್ಟಣೆಯ ಜತೆ ಬಡತನವೂ ಇದ್ದಲ್ಲಿ ಶೇ 31.14 ಕಂಡಿತು. ಮೊದಲನೆಯದು ಆಸ್ಪತ್ರೆಯ ಲೆಕ್ಕ, ಅದನ್ನು ಇಡೀ ಊರಿಗೆ ಅನ್ವಯಿಸಬಾರದು. ಆದರೂ ಇಪ್ಪತ್ತು ವರ್ಷದಲ್ಲಿ ಒಂದು ಊರಿನ ಜೀನುಗಳು ಮೂರು ಪಟ್ಟು ಬದಲಾಗುವುದಿಲ್ಲ. ಬದಲಾದದ್ದು ಗಾಳಿ, ಮನೆ, ಬದುಕಿನ ರೀತಿ. ಬೀದರಿನ ಗಾಳಿಗೂ ತನ್ನದೇ ಪಂಚಾಂಗವಿದೆ: ತೊಗರಿ ರಾಶಿಯ ಹೊಟ್ಟು, ಕಬ್ಬಿನ ಸಿಪ್ಪೆಯ ದೂಳು, ಮಳೆ ಬಿದ್ದ ಮೇಲೆ ಬೀಳುಗಳಲ್ಲಿ ಹೂ ಬಿಡುವ ಕಾಂಗ್ರೆಸ್ ಕಸ, ಬಳ್ಳಾರಿ ಜಾಲಿಯ ಪರಾಗ, ತೊಗರಿ ಕಟ್ಟಿಗೆಯ ಒಲೆ. ವಯಸ್ಕರ ಉಬ್ಬಸದ ದೊಡ್ಡ ರಾಷ್ಟ್ರೀಯ ಸಮೀಕ್ಷೆಯ ಎರಡನೆಯ ಹಂತ 12 ಕೇಂದ್ರಗಳಲ್ಲಿ 1,69,575 ಜನರನ್ನು ಮಾತಾಡಿಸಿ, 2012ರಲ್ಲಿ ಉಬ್ಬಸ ಶೇ 2.05 ಎಂದು ವರದಿ ಮಾಡಿತು. ಕರ್ನಾಟಕದಿಂದ ಅದರಲ್ಲಿದ್ದದ್ದು ಮೈಸೂರು. ಬೀದರಿಗೆ ಹತ್ತಿರದ ಕೇಂದ್ರ ಸಿಕಂದರಾಬಾದ್.

ಒಳಸಂಬಂಧದ ಮಾತನ್ನೂ ಇಲ್ಲಿ ಎತ್ತಬೇಕು, ಏಕೆಂದರೆ ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು ತಂದುಕೊಳ್ಳುವ ನಾಡು ಇದು. "ಒಳಗಿಂದೊಳಗ ಕೊಟ್ಟು ತಂದು ದಮ್ಮು ಬಂತು" ಎಂದು ದೂರುವವರಿಗೆ ಲೆಕ್ಕ ಹಾಕಿ ತೋರಿಸಬಹುದು. 16ನೆಯ ಸ್ಥಾನದ ಎರಡೂ ರೂಪಗಳು ಸಮಾಜದಲ್ಲಿ ಅರ್ಧರ್ಧ ಇವೆ ಎಂದುಕೊಳ್ಳೋಣ. ಹೊರಗಿನ ಸಂಬಂಧದಲ್ಲಿ ಹುಟ್ಟಿದ ನೂರು ಮಕ್ಕಳಲ್ಲಿ 25ಕ್ಕೆ ಎರಡೂ ಪ್ರತಿ ಆರ್ಜಿನೀನ್ ಬರುತ್ತದೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದಾಗ ಅದು 28 ಆಗುತ್ತದೆ, ಅಷ್ಟೆ. ನೂರಕ್ಕೆ ಒಂದರಷ್ಟು ಅಪರೂಪದ ರೂಪವಾದರೆ ಮಾತು ಬೇರೆ. ಹತ್ತು ಸಾವಿರದಲ್ಲಿ 1 ಇದ್ದದ್ದು ಸುಮಾರು 13ಕ್ಕೆ ಏರುತ್ತದೆ. ಒಳಸಂಬಂಧ ಭಾರವಾಗುವುದು ಅಪರೂಪದ ಕಾಯಿಲೆಗಳಲ್ಲಿ. ಇಂಥ ಸಾಮಾನ್ಯ ರೂಪಾಂತರಗಳ ವಿಷಯದಲ್ಲಿ ಸೊಸೆಯ ತವರನ್ನು ದೂರಲು ಇದರಲ್ಲಿ ಆಧಾರವಿಲ್ಲ.

ಜೀನಿನ ನಿಜವಾದ ಉಪಕಾರ ಬೇರೆ ಕಡೆ ಇದೆ. ನೀಲಿ ಪಂಪಿನ ಔಷಧ ಗ್ರಾಹಕಕ್ಕೆ ತಾಕಿದ ಕೆಲವೇ ನಿಮಿಷದಲ್ಲಿ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತವಸ್ತು ಹೆಚ್ಚಿ ಸ್ನಾಯು ಸಡಿಲವಾಗುತ್ತದೆ, ಎದೆ ಬಿಚ್ಚುತ್ತದೆ. ಪದೇ ಪದೇ ತಾಕಿದಾಗ ಕೋಶ ತನ್ನನ್ನು ಕಾಪಾಡಿಕೊಳ್ಳುತ್ತದೆ. ಬೀಟಾ-ಅರೆಸ್ಟಿನ್ ಎಂಬ ಪ್ರೋಟೀನು ಗ್ರಾಹಕಕ್ಕೆ ಅಂಟಿ ಸಂಕೇತ ನಿಲ್ಲಿಸುತ್ತದೆ, ಗ್ರಾಹಕ ಪೊರೆಯಿಂದ ಒಳಕ್ಕೆ ಸರಿಯುತ್ತದೆ. ದಿನಕ್ಕೆ ಹಲವು ಸಲ ನೀಲಿ ಪಂಪನ್ನೇ ಎಳೆದು "ಈಗ ಮೊದಲಿನಂಗ ಹತ್ತವಲ್ದು" ಎನ್ನುವವರ ಮಾತಿನಲ್ಲಿ ಇದರ ಪಾಲೂ ಇದೆ, ಶ್ವಾಸನಾಳದ ಊತ ಹಾಗೇ ಉಳಿದಿರುವುದರ ಪಾಲೂ ಇದೆ. ಎಳೆದುಕೊಳ್ಳುವ ಸ್ಟಿರಾಯ್ಡ್ ಊತವನ್ನು ಇಳಿಸುವುದರ ಜತೆಗೆ ಎಡಿಆರ್‌ಬಿ2 ಜೀನನ್ನೇ ಚುರುಕುಗೊಳಿಸಿ ಹೊಸ ಗ್ರಾಹಕಗಳನ್ನು ಹೆಚ್ಚು ಮಾಡಿಸುತ್ತದೆ. ಹಣೆಬರಹದಂತೆ ಹೆದರಿದ ಜೀನು ಔಷಧದ ಮಾತು ಕೇಳುತ್ತದೆ! ಉಬ್ಬಸದ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಜೀನಾ 2019ರಲ್ಲಿ, ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್‌ನಂಥ ಔಷಧವನ್ನು ಒಂಟಿಯಾಗಿ ಕೊಡಬಾರದೆಂದು, ಸ್ಟಿರಾಯ್ಡ್ ಪಂಪು ಜತೆಗಿರಲೇಬೇಕೆಂದು ಹೇಳಿತು. ನಮ್ಮಲ್ಲಿ ಮೊದಲು ಬಿಟ್ಟುಹೋಗುವುದು ಆ ಸ್ಟಿರಾಯ್ಡ್ ಪಂಪೇ. ಹೆಸರು ಕೇಳಿಯೇ ಹೆದರಿಕೆ, ಕೂಡಲೇ ಹಗುರೆನಿಸುವುದಿಲ್ಲ, ಅತ್ತೆಮನೆಯಲ್ಲಿ ದಿನವೂ ಬಚ್ಚಿಟ್ಟು ಎಳೆಯಲು ಆಗುವುದೂ ಇಲ್ಲ.

ಭಾರತೀಯರ ಜೀನುಗಳ ಓದು ಈಗ ಮುಂದುವರಿದಿದೆ. ಸಾಲ್ಬುಟಮಾಲಿಗೆ ಭಾರತೀಯ ರೋಗಿಗಳು ಸ್ಪಂದಿಸುವ ಬಗೆಯನ್ನು ಈ ಜೀನಿನ ಜತೆ ಹೊಂದಿಸಿ ದೆಹಲಿಯ ಜೀನೋಮ್ ಸಂಶೋಧನಾ ಸಂಸ್ಥೆ ಐಜಿಐಬಿಯ ವಿಜ್ಞಾನಿಗಳು 2005ರಲ್ಲೇ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದ ಜೀನೋಮ್ ಇಂಡಿಯಾ ಯೋಜನೆ 10,000 ಜನರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಬೀದರಿನ ವೈದ್ಯಕೀಯ ಕಾಲೇಜಾದ ಬ್ರಿಮ್ಸ್, ಭಾಲ್ಕಿ ಮತ್ತು ಔರಾದ ತಾಲ್ಲೂಕು ಆಸ್ಪತ್ರೆಗಳು ಸೇರಿ ಒಂದು ಅಧ್ಯಯನ ಕೈಗೊಳ್ಳುವುದಾದರೆ ಪ್ರಶ್ನೆಗಳ ಕ್ರಮ ಹೀಗಿರಬೇಕೆಂದು ನನ್ನ ವಾದ: ರೋಗಿಯ ಹತ್ತಿರ ಯಾವ ಪಂಪು ಇದೆ, ಸ್ಟಿರಾಯ್ಡ್ ಪಂಪನ್ನು ಬಿಟ್ಟದ್ದು ಯಾವಾಗ, ಯಾಕೆ, ಮನೆಯಲ್ಲಿ ಯಾರಿಂದ ಮುಚ್ಚಿಡುತ್ತಾರೆ, ತೊಗರಿ ರಾಶಿಯ ತಿಂಗಳಲ್ಲಿ ಎಷ್ಟು ಸಲ ಆಸ್ಪತ್ರೆಗೆ ಬಂದರು. 46ನೆಯ ಅಕ್ಷರ ಎ ಇದೆಯೋ ಜಿ ಇದೆಯೋ ಎಂಬ ಪ್ರಶ್ನೆ ಅವೆಲ್ಲ ಮುಗಿದ ಮೇಲೆ ಬರಲಿ.