ಗುಲಗಂಜಿ ಹುಳು ಮೊಟ್ಟೆ ಇಡುವ ಜಾಗ

ಚಿತ್ರದುರ್ಗ, ಹಿರಿಯೂರಿನ ಕಡೆ ಶೇಂಗಾ, ಅವರೆ, ಹತ್ತಿಯ ಕುಡಿಗೆ ಹೇನು ಹತ್ತಿದರೆ ಅದರ ಬೆನ್ನಿಗೇ ಗುಲಗಂಜಿ ಹುಳುವೂ ಬರುತ್ತದೆ. ಹೊಸದುರ್ಗ, ಹೊಳಲ್ಕೆರೆಯ ದಾಳಿಂಬೆಗೆ ಹಿಟ್ಟು ತಿಗಣೆ ಕಾಡಿದಾಗ ಬಿಡಲು ಹೇಳುವುದೂ ಇದೇ ಕುಟುಂಬದ ಇನ್ನೊಂದು ಹುಳುವನ್ನು. ಇವನ್ನು ಬೆಳೆಗೆ ಬಿಡುವ ಕೆಲಸ ಶುರುವಾಗಿ ನೂರಿಪ್ಪತ್ತೈದು ವರ್ಷ ದಾಟಿದೆ. ಅವು ಹೇಗೆ ಕೂಡುತ್ತವೆ, ಎಲ್ಲಿ ಮೊಟ್ಟೆ ಇಡುತ್ತವೆ ಎಂದು ವಿಜ್ಞಾನ ಗಂಭೀರವಾಗಿ ಕೇಳಿದ್ದು ಮಾತ್ರ ಬಹಳ ತಡವಾಗಿ. ಆ ತಡಕ್ಕೆ ಬೆಲೆಯನ್ನೂ ತೆತ್ತಿದ್ದಾಗಿದೆ.

1888–89ರಲ್ಲಿ ಆಸ್ಟ್ರೇಲಿಯಾದಿಂದ ತಂದ ವೆಡಾಲಿಯಾ ಎಂಬ ಗುಲಗಂಜಿ ಹುಳು ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಉಳಿಸಿತು. ಆ ಗೆಲುವು ಎಲ್ಲರಿಗೂ ಹುಮ್ಮಸ್ಸು ಕೊಟ್ಟಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1898ರಲ್ಲಿ, ಕಾಫಿಯ ಹಸಿರು ಶಲ್ಕಕೀಟಕ್ಕೆಂದು ಕ್ರಿಪ್ಟೊಲೀಮಸ್ ಎಂಬ ಹುಳು ಆಸ್ಟ್ರೇಲಿಯಾದಿಂದಲೇ ದಕ್ಷಿಣ ಭಾರತಕ್ಕೆ ಬಂತು. ಶಲ್ಕಕೀಟದ ಮೇಲೆ ಅದು ನಿಲ್ಲಲಿಲ್ಲ. ಆದರೆ ಸತ್ತೂ ಹೋಗಲಿಲ್ಲ. ಕರ್ನಾಟಕದಲ್ಲಿ ಹಿಟ್ಟು ತಿಗಣೆ ತಿಂದುಕೊಂಡು ತನ್ನಷ್ಟಕ್ಕೆ ಬದುಕಿತ್ತು.

ಕಾರಣ ಹೊಳೆದದ್ದು ಪ್ರಯೋಗಾಲಯದಲ್ಲಿ. ಹಿಟ್ಟು ತಿಗಣೆಯ ಮೊಟ್ಟೆ ಚೀಲದ ಮೇಣದ ಎಳೆ ತಾಗಿದರೆ ಕ್ರಿಪ್ಟೊಲೀಮಸ್ ಹೆಣ್ಣಿಗೆ ಮೊಟ್ಟೆ ಇಡುವ ಪ್ರೇರಣೆ ಬರುತ್ತದೆ. ಹಸಿರು ಶಲ್ಕಕೀಟದಲ್ಲಿ ಅಂಥ ಚೀಲವೇ ಇಲ್ಲ. ಆಹಾರವೇನೋ ಇತ್ತು, ತೊಟ್ಟಿಲು ಇರಲಿಲ್ಲ. 1898ರ ಸೋಲಿಗೆ ಮುಖ್ಯ ಕಾರಣ ಇದೇ ಎಂದು ನಾನು ನಂಬುತ್ತೇನೆ.

ಈಗ ಈ ಹುಳುವನ್ನು ಸಾಕುವ ಕ್ರಮವೆಲ್ಲ ಆ ತಿಳಿವಳಿಕೆಗೆ ಒಪ್ಪುವಂಥದ್ದು. ಸಿಹಿಗುಂಬಳಕಾಯಿಯ ಮೇಲೆ ಹಿಟ್ಟು ತಿಗಣೆ ಬೆಳೆಸಿ, ಗೂಡಿನಲ್ಲಿಟ್ಟು ಹುಳು ಬಿಡುತ್ತಾರೆ. ಸುಮಾರು ಒಂದು ತಿಂಗಳಲ್ಲಿ ಹೊಸ ತಲೆಮಾರು ಸಿದ್ಧ. ಗಂಡು ಹೆಣ್ಣು ಗುರುತಿಸಲು ಮುಂಗಾಲು ನೋಡಿದರೆ ಸಾಕು: ಗಂಡಿನದು ಕಂದು, ಹೆಣ್ಣಿನದು ಕಪ್ಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಹುಳುವನ್ನು ದ್ರಾಕ್ಷಿ, ಸೀಬೆ, ದಾಳಿಂಬೆಯ ಮೇಲೆ ಪರೀಕ್ಷಿಸಿತು. ಗುಲಗಂಜಿ ಹುಳುಗಳಲ್ಲಿ ಯಾವುದು ಯಾವ ಜಾತಿ ಎಂಬ ತೊಡಕನ್ನು ಬಿಡಿಸಿದ್ದು ಬೆಂಗಳೂರಿನಲ್ಲಿ ಜೆ. ಪೂರಣಿ, ಭಾರತ ಉಪಖಂಡದ ಜಾತಿಗಳ ಅವರ ಪಟ್ಟಿ 2002ರಲ್ಲಿ ಬಂತು.

ಹೇನು ತಿನ್ನುವ ಜಾತಿಗಳ ಕಥೆ ಬೇರೆ. ಗಂಡು ಹೆಣ್ಣನ್ನು ಗುರುತಿಸುವುದು ಬಹುಮಟ್ಟಿಗೆ ಮೈಮೇಲಿನ ಮೇಣದ ರಾಸಾಯನಿಕಗಳಿಂದ, ಹತ್ತಿರ ಬಂದು ಮುಟ್ಟಿದ ಮೇಲೆ. ಜೋಡಿ ಗಂಟೆಗಟ್ಟಲೆ ಅಂಟಿಕೊಂಡಿರುವುದೂ ಉಂಟು. ಪದೇಪದೇ ಕೂಡಿದ ಹೆಣ್ಣು ಹೆಚ್ಚು ಮೊಟ್ಟೆ ಇಡುತ್ತದೆ, ಹೆಚ್ಚು ಮೊಟ್ಟೆ ಒಡೆದು ಮರಿಯಾಗುತ್ತವೆ ಎಂದು ಲಖನೌ ವಿಶ್ವವಿದ್ಯಾಲಯದ ಓಂಕಾರ್ ಮತ್ತು ಗೀತಾಂಜಲಿ ಮಿಶ್ರಾ ತೋರಿಸಿದರು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ತಾಯಿಯ ಲೆಕ್ಕಾಚಾರ. ಬೇರೆ ಮರಿಗಳು ಓಡಾಡಿದ ಜಾಡಿನ ವಾಸನೆ ಸಿಕ್ಕರೆ ಆಕೆ ಅಲ್ಲಿ ಮೊಟ್ಟೆ ಇಡಲು ಹಿಂಜರಿಯುತ್ತಾಳೆ, ಏಕೆಂದರೆ ಆ ಮರಿಗಳು ಮೊಟ್ಟೆಯನ್ನೂ ತಿನ್ನುತ್ತವೆ. ಹೇನಿನ ಗುಂಪು ಹಳೆಯದಾದಷ್ಟೂ ಮರಿ ಬೆಳೆದು ದೊಡ್ಡದಾಗುವ ಮುಂಚೆಯೇ ಆಹಾರ ಮುಗಿಯುವ ಅಪಾಯ. ಕೀಟವಿಜ್ಞಾನಿ ಟೋನಿ ಡಿಕ್ಸನ್ ಮತ್ತು ಸಂಗಡಿಗರು ಇದನ್ನು ವಿವರಿಸಿದ ಮೇಲೆ, ಹೇನನ್ನು ಪೂರ್ತಿ ಮಟ್ಟಹಾಕಲು ಈ ಹುಳುಗಳಿಗೆ ಏಕೆ ಕಷ್ಟ ಎಂಬುದಕ್ಕೂ ಉತ್ತರ ಸಿಕ್ಕಿತು: ಇವುಗಳ ಒಂದು ತಲೆಮಾರು ಮುಗಿಯುವಷ್ಟರಲ್ಲಿ ಹೇನಿನ ಹಲವು ತಲೆಮಾರು ಕಳೆದಿರುತ್ತವೆ.

ಗಂಡು ಮರಿಗಳನ್ನು ಮೊಟ್ಟೆಯಲ್ಲೇ ಕೊಲ್ಲುವ ಬ್ಯಾಕ್ಟೀರಿಯಾಗಳ ಪತ್ತೆ ಇನ್ನೊಂದು ದೊಡ್ಡ ಅಧ್ಯಾಯ. ತಾಯಿಯಿಂದ ಬರುವ ಈ ಸೋಂಕಿನಲ್ಲಿ ಸತ್ತ ಗಂಡು ಮೊಟ್ಟೆಗಳೇ ಅಕ್ಕತಂಗಿಯರ ಮೊದಲ ಊಟ. ಕೇಂಬ್ರಿಜ್‌ನ ಮೈಕೆಲ್ ಮಜೆರಸ್ ಇದಕ್ಕೇ ವರ್ಷಗಟ್ಟಲೆ ದುಡಿದರು. ನಮ್ಮ ಹೊಲಗಳಲ್ಲೂ ಕಾಣುವ, ಅಂಕುಡೊಂಕು ಪಟ್ಟೆಯ ಕೈಲೊಮಿನಿಸ್ ಸೆಕ್ಸ್‌ಮ್ಯಾಕ್ಯುಲೇಟ ಜಾತಿಯಲ್ಲಿ ಈ ಸೋಂಕಿನಿಂದ ಗಂಡುಗಳನ್ನು ಉಳಿಸುವ ಜೀನ್ ಕೂಡ ಇದೆಯೆಂದು 2010ರಲ್ಲಿ ಪ್ರಕಟವಾಯಿತು.

ಇಷ್ಟೆಲ್ಲ ತಿಳಿದಿದ್ದೂ ನಾವು ರೈತರಿಗೆ ತೋರಿಸುವುದು ಕೆಂಪು ಹುಳುವಿನ ಚಿತ್ರವನ್ನು ಮಾತ್ರ. ತೋರಿಸಬೇಕಾದದ್ದು ಮೊಟ್ಟೆ ಮತ್ತು ಮರಿ. ಕ್ರಿಪ್ಟೊಲೀಮಸ್ ಮರಿಯ ಮೈತುಂಬ ಬಿಳಿ ಮೇಣ. ಹಿಟ್ಟು ತಿಗಣೆಯೆಂದೇ ಭಾವಿಸಿ ಔಷಧಿ ಹೊಡೆದುಬಿಡುತ್ತಾರೆ. ಮುಟ್ಟಿ ನೋಡಿದರೆ ಅದು ತಿಗಣೆಗಿಂತ ಚುರುಕಾಗಿ ಓಡುತ್ತದೆ. ಬದನೆ ಎಲೆಯಡಿಯ ಹಳದಿ ಮೊಟ್ಟೆಗಳ ಗುಂಪು ಮಾತ್ರ ಎಲೆ ಕೆರೆದು ತಿನ್ನುವ ಇಪ್ಪತ್ತೆಂಟು ಚುಕ್ಕೆಯ ಹುಳುವಿನದ್ದೂ ಆಗಿರಬಹುದು. ಹತ್ತಿರದಲ್ಲೇ ಇರುವ ದೊಡ್ಡ ಹುಳುವಿನ ಬೆನ್ನು ನುಣುಪಾಗಿ ಹೊಳೆಯುತ್ತಿದ್ದರೆ ಉಳಿಸಬೇಕು. ಸಣ್ಣ ರೋಮವಿದ್ದು ಮಂಕಾಗಿದ್ದರೆ ಮೊಟ್ಟೆ ಸಮೇತ ಕಿತ್ತುಹಾಕಬೇಕು.