ಮೋಡಗಳಿಗೆ ಬಂದ ಹೆಸರು

ಲ್ಯಾಟಿನ್ ಕಲಿಯಹೊರಟ ನನ್ನನ್ನು ಮೊದಲು ತಬ್ಬಿಬ್ಬುಗೊಳಿಸಿದ್ದು ಮಳೆ. ನಮ್ಮಲ್ಲಿ ಮಳೆ ಬರುತ್ತದೆ, ಹೊಯ್ಯುತ್ತದೆ, ಹಿಡಿಯುತ್ತದೆ, ಕರ್ತೃ ಮಳೆಯೇ. ಲ್ಯಾಟಿನ್ನಿನಲ್ಲಾದರೋ ‘ಪ್ಲುಯಿತ್’ ಎಂದರೆ ಮುಗಿಯಿತು. ‘ನಿಂಗಿತ್’ ಎಂದರೆ ಹಿಮ ಬೀಳುತ್ತಿದೆ, ‘ತೊನತ್’ ಎಂದರೆ ಗುಡುಗುತ್ತಿದೆ. ಯಾರು ಎಂದು ಕೇಳುವಂತಿಲ್ಲ. ಕೇಳಿದರೆ ರೋಮನರು ಜ್ಯೂಪಿಟರನತ್ತ ಕೈ ತೋರಿಸುತ್ತಿದ್ದರು. ಗುಡುಗುವ, ಮಿಂಚುವ ಮಾತಿನಲ್ಲಿ ನಾವೂ ಕರ್ತೃವನ್ನು ಹೇಳುವುದಿಲ್ಲವೆಂಬುದು ಹೊಳೆದ ಮೇಲೆ ನನ್ನ ದಿಗಿಲು ಕೊಂಚ ಇಳಿಯಿತು. ‘ತೆಂಪೆಸ್ತಾಸ್’ ಎಂಬ ಪದವಂತೂ ಮೊದಲು ಕಾಲವಾಗಿದ್ದು, ಅನಂತರ ಹವೆಯಾಗಿ, ಕೊನೆಗೆ ಬಿರುಗಾಳಿಯೂ ಆಯಿತು.

ಈ ಮೃತಭಾಷೆ ಇಂದಿಗೂ ಬದುಕಿರುವ ತಾಣಗಳಲ್ಲಿ ಆಕಾಶವೂ ಒಂದು. ಅದಕ್ಕೆ ಕಾರಣನಾದವನು ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೋವರ್ಡ್. 1802ರ ಡಿಸೆಂಬರಿನಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಆತ ಮಿತ್ರರ ಸಣ್ಣ ವಿಜ್ಞಾನಗೋಷ್ಠಿಯೊಂದರಲ್ಲಿ ಮೋಡಗಳನ್ನು ಕುರಿತು ಪ್ರಬಂಧವನ್ನೋದಿದ. ಗಳಿಗೆಗೊಂದು ರೂಪ ತಾಳುವ ಮೋಡಕ್ಕೆ ಹೆಸರಿಡುವುದುಂಟೇ? ರೂಪ ಎಷ್ಟೇ ಬದಲಾದರೂ ಮೂಲ ಆಕಾರಗಳು ಮೂರೇ ಎಂಬುದು ಅವನ ವಾದ. ಗುಂಗುರು ಕೂದಲ ಸುರುಳಿ ‘ಸಿರಸ್’, ರಾಶಿ ‘ಕ್ಯುಮ್ಯುಲಸ್’, ಹಾಸಿದ್ದು ‘ಸ್ಟ್ರೇಟಸ್’. ಅವುಗಳ ಬೆರಕೆಯಿಂದ ಉಳಿದವು. ಮಳೆ ಸುರಿಸುವುದು ‘ನಿಂಬಸ್’. ಚಿತ್ರಗಾರರು ಸಂತರ ತಲೆಯ ಸುತ್ತ ಬರೆಯುವ ಪ್ರಭಾವಳಿಗೂ ಅದೇ ಹೆಸರು.

ಅದೇ 1802ರಲ್ಲಿ ಫ್ರಾನ್ಸಿನ ಲಾಮಾರ್ಕನೂ ಮೋಡಗಳನ್ನು ವಿಂಗಡಿಸಿದ್ದ. ಅವನು ಹೋವರ್ಡನಿಗಿಂತ ದೊಡ್ಡ ವಿದ್ವಾಂಸ. ಆದರೆ ಅವನ ಹೆಸರುಗಳು ಫ್ರೆಂಚಿನವು, ನಿಲ್ಲಲಿಲ್ಲ. ಹೋವರ್ಡನಿಗೆ ಲ್ಯಾಟಿನ್ ದೊರೆತದ್ದು ಶಾಲೆಯಲ್ಲಿ. ಅಲ್ಲಿ ಕಲಿತ ಲ್ಯಾಟಿನ್ ವ್ಯಾಕರಣ ಅತಿಯಾಯಿತು, ಮಿಕ್ಕದ್ದು ಕಡಿಮೆಯಾಯಿತು ಎಂದು ಮುಂದೆ ಆತನೇ ಹೇಳಿಕೊಂಡ. ಆ ಅತಿಯೇ ಕೈಹಿಡಿಯಿತು. ಜರ್ಮನಿಯ ಗಯಟೆ ಮಹಾಕವಿ ಅವನ ಗೌರವಾರ್ಥ ಕವಿತೆಯನ್ನೇ ಬರೆದ.

ಹೋವರ್ಡನ ಸ್ವದೇಶದಲ್ಲಿಯೇ ಆಕ್ಷೇಪಣೆಯೂ ಎದ್ದಿತು. ಥಾಮಸ್ ಫಾರ್ಸ್ಟರ್ ಎಂಬಾತ ಈ ಹೆಸರುಗಳಿಗೆ ಬದಲಾಗಿ ಸುರುಳಿಮೋಡ, ಬಣವೆಮೋಡ ಎನ್ನುವ ಬಗೆಯ ಅಚ್ಚ ಇಂಗ್ಲಿಷ್ ಪದಗಳನ್ನು ಕಟ್ಟಿಕೊಟ್ಟ. ಹೋವರ್ಡ್ ಒಪ್ಪಲಿಲ್ಲ, ಬೇರೆ ಬೇರೆ ದೇಶದವರು ಪರಸ್ಪರ ಅರಿಯಬೇಕಾದರೆ ಎಲ್ಲರಿಗೂ ಸಮಾನವಾದ ಭಾಷೆಯೇ ಬೇಕೆಂದ. ನಾನು ಫಾರ್ಸ್ಟರನನ್ನು ನಗೆಗೀಡು ಮಾಡಲಾರೆ. ನಮ್ಮ ಭೂಗೋಳದ ಪಠ್ಯಗಳು ‘ರಾಶಿ ಮೋಡ’, ‘ಪದರು ಮೋಡ’ ಎಂದಾಗ ಅವನ ಹಾದಿಯನ್ನೇ ಹಿಡಿದಿವೆ. ಹಳ್ಳಿಯ ಹುಡುಗ ತಲೆಯೆತ್ತಿ ನೋಡಿದೊಡನೆ ಅರ್ಥ ಅವನ ಕಣ್ಣೆದುರಿಗಿರುತ್ತದೆ. ‘ಕ್ಯುಮ್ಯುಲಸ್’ ಎಂದು ಉರುಹೊಡೆದವನಿಗೆ ರಾಶಿ ಕಾಣುವುದಿಲ್ಲ. ಆದರೆ ಕಡಲಿನ ಹಡಗೂ ದೂರದೇಶದ ವೀಕ್ಷಣಾಲಯವೂ ಒಂದೇ ಮೋಡವನ್ನು ಕುರಿತು ವರದಿ ಬರೆಯುವಾಗ ಹೋವರ್ಡನ ಮಾತೇ ನಡೆಯಬೇಕು. 1896ರಲ್ಲಿ ಅಂತರರಾಷ್ಟ್ರೀಯ ಮೇಘಕೋಶ ಪ್ರಕಟವಾದಾಗ ನಡೆದದ್ದೂ ಅದೇ.

ಆ ಕೋಶ ಇನ್ನೂ ಬೆಳೆಯುತ್ತಿದೆ. ಅಲೆಗಳೆದ್ದ ಕಡಲನ್ನು ಕೆಳಗಿನಿಂದ ನೋಡಿದಂತೆ ತೋರುವ ಒಂದು ಮೋಡಕ್ಕೆ ಹವ್ಯಾಸಿ ವೀಕ್ಷಕರು ‘ಆಸ್ಪೆರಾಟಸ್’ ಎಂಬ ಹೆಸರನ್ನು ಸೂಚಿಸಿದ್ದರು. 2017ರ ಆವೃತ್ತಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಆದರೆ ಅದು ಸೇರಿದ ವರ್ಗದಲ್ಲಿ ವಿಶೇಷಣ ಸಲ್ಲದು, ನಾಮಪದವೇ ಬೇಕು. ಹೀಗಾಗಿ ಅದು ‘ಆಸ್ಪೆರಿಟಾಸ್’ ಎಂದು, ಅಂದರೆ ಒರಟುತನವೆಂದು, ತಿದ್ದಿಸಿಕೊಂಡೇ ಒಳಗೆ ಬಂದಿತು.